ಕಪ್ಪಾಗಿ ಬಿಡಿಸಿದ ಕೊಡೆ

ನಾನು ನಿಂತಿದ್ದದ್ದು ಭದ್ರಾವತಿಯ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಸಾಲಿನ ಎದುರಿಗೆ, ರಸ್ತೆಯ ಈಚೆ ಬದಿಯ ಹಾಲಿನ ಬೂತಿನ ಮುಂದೆ, ಅದರ ತಗಡಿನ ಕೆಳಗೆ. ಆಗಸ್ಟ್ ತಿಂಗಳು, ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ ಆಗಿರಬೇಕು. ಗಡಿಯಾರ ನೋಡಿ ಹೇಳುತ್ತಿಲ್ಲ. ಒಂಬತ್ತೂಕಾಲಿಗೆ ಅಲ್ಲಿಗೆ ಬರುವ ಶಿವಮೊಗ್ಗದ ಬಸ್ಸಿನಿಂದ ಇಳಿದು ಒಂದು ಕಾಫಿ ಕುಡಿಯುವಷ್ಟು ಹೊತ್ತಾಗಿತ್ತು. ಲೋಟ ಇನ್ನೂ ಕೈಯಲ್ಲಿತ್ತು. ಸಣ್ಣಗೆ ಮಳೆ ಹನಿಯುತ್ತಿತ್ತು.

ಎದುರಿಗೆ ಬಯಲು. ಕ್ವಾರ್ಟರ್ಸುಗಳನ್ನು ಕೆಡವಿ ಚೊಕ್ಕಟ ಮಾಡುತ್ತಿದ್ದ ಜಾಗ ಅದು. ಬಯಲಿನಲ್ಲಿ ಒಂದು ಜೆಸಿಬಿ. ಬಯಲಿನ ಬಲಕ್ಕೆ, ರಸ್ತೆಯಿಂದ ಒಳಮುಖವಾಗಿ ಹೋಗುವ ಹಳೆಯ ಇಟ್ಟಿಗೆ ಗೋಡೆ. ಗೋಡೆಯ ಆಚೆ, ಜನ ಇನ್ನೂ ವಾಸವಿದ್ದ ಒಂದು ಓಣಿ. ಓಣಿ ನನಗೆ ಕಾಣುತ್ತಿರಲಿಲ್ಲ. ಅದರ ಬಾಯಿಗೆ ಅಡ್ಡವಾಗಿ ಲಗೇಜ್ ಆಟೋ ಒಂದು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಗೋಡೆ ರಸ್ತೆಗೆ ಬಂದು ಮುಟ್ಟುವ ಮೂಲೆಯಲ್ಲಿ, ಬಯಲೂ ಓಣಿಯೂ ಎರಡೂ ಕಾಣುವ ಜಾಗದಲ್ಲಿ, ಒಬ್ಬ ಗಂಡಸು ಕೊಡೆ ಹಿಡಿದು ನಿಂತಿದ್ದ. ಕೊಡೆ ಕೆಂಪು. ಅಂಚಿನ ಸುತ್ತ ಬಿಳಿ ನಿರಿಗೆ. ಶಾಲೆಗೆ ಹೋಗುವ ಹುಡುಗಿಯರು ಹಿಡಿಯುತ್ತಾರಲ್ಲ, ಅಂಥದ್ದು. ಅವನು ಅದನ್ನು ತಗ್ಗಿಸಿ ಹಿಡಿದಿದ್ದರಿಂದ ಮುಖ ಕಾಣಲಿಲ್ಲ.

ಕೊಡೆಯ ಕೆಳಗಿನಿಂದ ಒಂದು ಬಲಗೈ ಹೊರಗೆ ಬಂತು. ಮುಂದೆ ಹೋಗು ಎನ್ನುವಂತೆ ಬೀಸಿತು. ಜೆಸಿಬಿ ಅಲುಗಲಿಲ್ಲ. ಕೈ ಇನ್ನೊಮ್ಮೆ ಬೀಸಿತು. ಜೆಸಿಬಿ ಮುಂದೆ ಹೋಗಿ ಬಕೆಟ್ಟನ್ನು ಗೋಡೆಗೆ ಒತ್ತಿತು. ಗೋಡೆ ಓಣಿಯ ಕಡೆಗೆ ಮಲಗಿತು. ಆಚೆ ಕೂತು ಹೂ ಕಟ್ಟುತ್ತಿದ್ದ ರತ್ನಮ್ಮ ಎಂಬವರು ಅದರ ಕೆಳಗೆ ಸಿಕ್ಕಿ ತೀರಿಕೊಂಡರು. ಕೂಗು ಎದ್ದಾಗ ಕೊಡೆ ಒಂದು ಗಳಿಗೆ ಅಲ್ಲೇ ಇತ್ತು. ಆಮೇಲೆ ಓಣಿಯ ಕಡೆ ಹೋಗಲಿಲ್ಲ, ರಸ್ತೆಗುಂಟ ಕೆಳಕ್ಕೆ ಹೋಯಿತು.

ಇದಿಷ್ಟೂ ನಾನು ಕಂಡದ್ದು. ರತ್ನಮ್ಮನ ಹೆಸರು, ಅವರು ಹೂ ಕಟ್ಟುತ್ತಿದ್ದದ್ದು, ಗೋಡೆಯ ಕೆಳಗೆ ಸಿಕ್ಕಿ ತೀರಿಕೊಂಡದ್ದು, ಇವು ಮಾತ್ರ ಆಮೇಲೆ ತಿಳಿದದ್ದು. ಇವನ್ನು ಬೇರೆ ಬೇರೆ ಇಟ್ಟು ಬರೆಯುವುದಕ್ಕೆ ಕಾರಣವಿದೆ. ಇಡೀ ಕಥನ ಆ ಕಾರಣದ ಬಗ್ಗೆಯೇ.

ಕಳೆದ ವರ್ಷದವರೆಗೆ ನಾನು ಶಿವಮೊಗ್ಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಚಿತ್ರಕಾರನಾಗಿದ್ದೆ. ಈಗ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳು ಆಗಾಗ ರಾಗಿಗುಡ್ಡದ ನಮ್ಮ ಮನೆಗೆ ಬರುತ್ತಾರೆ. ಸುದ್ದಿಯನ್ನು ಕಾಮಿಕ್ಸ್ ರೂಪದಲ್ಲಿ ಮಾಡುವುದು ಈಗ ಅವರಿಗೆ ಪಠ್ಯದಲ್ಲೇ ಇದೆಯಂತೆ. ನಮ್ಮ ಕಾಲದಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ. ನಾವು ಚಿತ್ರವರದಿ ಎನ್ನುತ್ತಿದ್ದೆವು. ಯಾವ ಬ್ರಷ್, ಯಾವ ಕಾಗದ, ಯಾವ ಟ್ಯಾಬ್ಲೆಟ್ ಎಂದು ಮಕ್ಕಳು ಕೇಳುತ್ತಾರೆ. ಅವಕ್ಕೆಲ್ಲ ಉತ್ತರ ಇದೆ. ಅವರು ಕೇಳದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಸೇರಿದಾಗ ನನ್ನ ಕೆಲಸ ತಲೆಬರಹದ ಅಕ್ಷರ ಬರೆಯುವುದು, ಪುಟ ಅಂಟಿಸುವುದು. ಎಲ್ಲಾದರೂ ಬಸ್ಸು ಉರುಳಿದರೆ ಅದು ಯಾವ ತಿರುವು, ಯಾವ ಹಳ್ಳ ಎಂದು ಒಂದು ನಕ್ಷೆ ಹಾಕಿಕೊಡುತ್ತಿದ್ದೆ. ಫೋಟೋಗ್ರಾಫರ್ ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಆಗ ಅಪರಾಧ ಸುದ್ದಿ ನೋಡುತ್ತಿದ್ದ ಇಮಾಮ್ ಸಾಹೇಬರು ನನ್ನ ಮೇಜಿನ ಪಕ್ಕ ಕೂತು, ಕಳ್ಳ ಹೇಗೆ ಒಳಗೆ ಹೊಕ್ಕ, ಎಲ್ಲಿ ಅಡಗಿದ್ದ ಎಂದು ಹೇಳುತ್ತಿದ್ದರು. ನಾನು ನಾಲ್ಕು ಚೌಕದಲ್ಲಿ ಬಿಡಿಸುತ್ತಿದ್ದೆ. ಓದುಗರು ಸುದ್ದಿ ಬಿಟ್ಟು ಚೌಕಗಳನ್ನೇ ನೋಡುತ್ತಾರೆ ಎಂಬುದು ಏಜೆಂಟರಿಂದ ತಿಳಿಯಿತು. ಈ ಕೆಲಸ ನಮ್ಮಲ್ಲಿ ಶುರುವಾದದ್ದು ಹೀಗೆ. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ.

ಇಮಾಮ್ ಸಾಹೇಬರು ಯಾರನ್ನೂ ನಂಬುತ್ತಿರಲಿಲ್ಲ. ಪೊಲೀಸರನ್ನೂ ಇಲ್ಲ, ಕಳ್ಳನನ್ನೂ ಇಲ್ಲ, ಅಳುತ್ತಾ ಬಂದವರನ್ನು ಎಲ್ಲರಿಗಿಂತ ಕಡಿಮೆ. ನನಗೆ ಒಂದು ಪದ್ಧತಿ ಕಲಿಸಿದ್ದು ಅವರೇ.

"ಎಲ್ಲಾ ಬಿಡಿಸಿಬಿಟ್ರೆ ನಿನ್ನ ಹತ್ರ ಏನು ಉಳೀತು ಮಾರಾಯ? ಒಂದು ಒಳಗಿಟ್ಕೋ. ನಾಳೆ ಯಾರಾದ್ರೂ ಬಂದು ನಾನೂ ನೋಡಿದೀನಿ ಅಂದ್ರೆ ಅದನ್ನೇ ಕೇಳು. ಗೊತ್ತಿದ್ರೆ ಕೂರಿಸಿ ಚಾ ಕುಡಿಸು. ಇಲ್ದಿದ್ರೆ ಖಾಲಿ ನಮಸ್ಕಾರ ಹಾಕಿ ಕಳ್ಸು."

ಒಳಗಿಟ್ಟುಕೊಂಡದ್ದನ್ನು ಯಾರಿಗೂ ಹೇಳಬಾರದು, ಹೆಂಡತಿಗೂ ಸಂಪಾದಕರಿಗೂ ಕೂಡ, ಎಂಬುದು ಅದರ ಎರಡನೆಯ ಭಾಗ. ಬಸ್‌ಸ್ಟ್ಯಾಂಡಿನ ಹತ್ತಿರ ಸರ ಕಿತ್ತ ಒಂದು ಪ್ರಕರಣದಲ್ಲಿ ಕಳ್ಳ ಎಡಗೈಯಲ್ಲಿ ಕಿತ್ತಿದ್ದ. ನಾನು ಕೈಯನ್ನು ಚೌಕದ ಅಂಚಿನ ಆಚೆಗೆ ಬಿಟ್ಟು ಬಿಡಿಸಿದೆ. ಕಂಡೆವು ಎಂದು ಬಂದವರೆಲ್ಲ ಬಲಗೈ ಎಂದರು, ಒಬ್ಬ ಬಾಳೆಹಣ್ಣಿನ ಗಾಡಿಯವನು ಮಾತ್ರ ಎಡಗೈ ಎಂದ. ಕಡೆಗೆ ಕೆಲಸಕ್ಕೆ ಬಂದದ್ದು ಅವನ ಮಾತೇ. ಅಂದಿನಿಂದ ನಾನು ಪ್ರತಿಯೊಂದು ಚಿತ್ರವರದಿಯಲ್ಲೂ ಒಂದನ್ನು ಬಿಡುತ್ತಾ ಬಂದೆ.

ಕುಂಸಿಯ ಕಡೆಯ ಒಂದು ಹಳ್ಳಿಯಲ್ಲಿ ಚಿರತೆ ಕೊಟ್ಟಿಗೆಗೆ ನುಗ್ಗಿದಾಗ ಹೋಗಿದ್ದೆ. ಮನೆಯ ಯಜಮಾನ ಅಂಗಳದಲ್ಲಿ ನಿಂತು, ಚಿರತೆ ಎಲ್ಲಿಂದ ಹಾರಿತು, ತಾನು ಹೇಗೆ ದೊಣ್ಣೆ ಎತ್ತಿದೆ ಎಂದು ಮೈ ಕುಣಿಸಿ ತೋರಿಸಿದ. ನಾನು ಅದನ್ನೇ ಬಿಡಿಸಿದೆ: ಗಾಳಿಯಲ್ಲಿ ಚಿರತೆ, ಬಾಗಿಲಲ್ಲಿ ದೊಣ್ಣೆ. ಪುಟ ಅಚ್ಚಾದ ಮೇಲೆ ಒಂದು ಪ್ರತಿ ಕೊಡಲು ಹೋದಾಗ ಅವನ ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇವ್ರು ಆವಾಗ ಕುಂಸಿ ಪೇಟೇಲಿದ್ರು. ಕೊಟ್ಟಿಗೇಲಿದ್ದಿದ್ದು ನಾನು. ಅದು ಹಾರ್ಲೂ ಇಲ್ಲ ಏನೂ ಇಲ್ಲ, ನನ್ನನ್ನ ನೋಡಿ ನಡ್ಕೊಂಡು ಹೋಯ್ತು. ನನ್ನನ್ನೊಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಮಗೆ?"

ಯಜಮಾನ ಕೊಟ್ಟಿಗೆಯ ಕಡೆ ನೋಡುತ್ತಾ ನಿಂತಿದ್ದ. ನಾವು ಮುಂದಿನ ವಾರ ತಿದ್ದುಪಡಿ ಹಾಕಿದೆವು. ಆದರೆ ನನ್ನನ್ನು ಕಾಡಿದ್ದು ಅದಲ್ಲ. ಎರಡು ವರ್ಷದ ಮೇಲೆ ಆ ದಾರಿಯಲ್ಲಿ ಹೋಗುವಾಗ ಆ ಮನೆಗೆ ಹೋದೆ. ನನ್ನ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅದೇ ಹೆಂಗಸು ನನಗೆ ಮಜ್ಜಿಗೆ ಕೊಟ್ಟು, ಪಕ್ಕದ ಮನೆಯವಳಿಗೆ ಆ ದಿನದ ಕಥೆ ಹೇಳುತ್ತಿದ್ದಳು. ಚಿರತೆ ಹೇಗೆ ಹಾರಿತು ಎಂದು ಕೈಯೆತ್ತಿ ತೋರಿಸಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ದಿನವೂ ಗೋಡೆಯ ಮೇಲೆ ಹಾರುವ ಚಿರತೆ, ತಾನು ಒಮ್ಮೆ ಮಾತ್ರ ಕಂಡ ಚಿರತೆಯನ್ನು ಓಡಿಸಿಬಿಟ್ಟಿತ್ತು.

ಆಮೇಲೆ ನನಗೆ ನನ್ನ ಚಿತ್ರಗಳ ಮೇಲೇ ಅನುಮಾನ ಬಂತು. ಒಂದು ನಿಯಮ ಮಾಡಿಕೊಂಡೆ: ಯಾರೂ ಕಾಣದ್ದನ್ನು ಬಿಡಿಸುವುದಿಲ್ಲ, ಅಲ್ಲಿ ಕಪ್ಪು ತುಂಬುತ್ತೇನೆ. ಮುಖ ಗೊತ್ತಿಲ್ಲದ ಮನುಷ್ಯ ನನ್ನ ಪುಟದಲ್ಲಿ ಬರೀ ಕಪ್ಪು ನೆರಳು. ಒಳಗೇನಿತ್ತೋ ತಿಳಿಯದ ಕೋಣೆ ಕಪ್ಪು ಚೌಕ. ಓದುಗರಿಗೆ ಇದು ತಾನಾಗಿ ಅರ್ಥವಾಗುತ್ತದೆ ಎಂದುಕೊಂಡಿದ್ದೆ.

ಇಮಾಮ್ ಸಾಹೇಬರು ನಿವೃತ್ತರಾಗಿ ಕೆಲವು ವರ್ಷಗಳ ನಂತರ ಉಷಾ ಬಂದಳು. ಶಂಕರಘಟ್ಟದಲ್ಲಿ ಓದಿದವಳು, ವಾರದ ಪುರವಣಿಯ ಹೊಣೆ ಹೊತ್ತಳು. ಬೇರೆ ದೇಶಗಳಲ್ಲಿ ಯುದ್ಧ, ಜೈಲು, ನಿರಾಶ್ರಿತರ ಶಿಬಿರ ಎಲ್ಲವನ್ನೂ ಚಿತ್ರದಲ್ಲೇ ವರದಿ ಮಾಡುತ್ತಾರೆ, ಪುಸ್ತಕಗಳೇ ಬಂದಿವೆ ಎಂದು ತಂದು ತೋರಿಸಿದಳು. ನಾನು ನಾಲ್ಕು ಚೌಕದಲ್ಲಿ ಮಾಡುತ್ತಿದ್ದದ್ದನ್ನು ಅವಳು ಒಂದು ಪೂರ್ತಿ ಪುಟ ಮಾಡಿದಳು. ನಾನೂ ವರದಿಗಾರನ ಜೊತೆ ಹೋಗಬೇಕು, ನಾನೇ ಮಾತಾಡಿಸಬೇಕು, ಪುಟದಲ್ಲಿ ನಾನೂ ಒಂದು ಮೂಲೆಯಲ್ಲಿ ಕಾಣಬೇಕು ಎಂದಳು. ಮಸಿ ಮತ್ತು ನಿಬ್ಬು ಬಿಟ್ಟು ಪರದೆಯ ಮೇಲೆ ಬಿಡಿಸುವುದನ್ನು ನನಗೆ ಕಲಿಸಿದವಳೂ ಅವಳೇ. ಪತ್ರಿಕೆ ಕೊಳ್ಳದವರೂ ಪುಟವನ್ನು ಫೋನಿನಿಂದ ಫೋನಿಗೆ ಕಳಿಸತೊಡಗಿದರು. ನೀರಿನ ಪೈಪಿನ ಬಗ್ಗೆ, ಕೆರೆ ಒತ್ತುವರಿಯ ಬಗ್ಗೆ, ಶಂಕರಘಟ್ಟದ ಬಸ್ಸಿನಲ್ಲಿ ಜೋತುಬಿದ್ದು ಹೋಗುವ ವಿದ್ಯಾರ್ಥಿಗಳ ಬಗ್ಗೆ ಪುಟಗಳು ಬಂದವು. ಆ ಮಂಗಳವಾರ ನಾನು ಭದ್ರಾವತಿಗೆ ಹೋಗಿದ್ದೂ ಅಂಥದೇ ಒಂದು ಪುಟಕ್ಕೆ. ಹಳೆಯ ಕ್ವಾರ್ಟರ್ಸ್ ಕೆಡವುತ್ತಿದ್ದಾರೆ, ಕೊನೆಯ ಓಣಿಯವರು ಇನ್ನೂ ಬಿಟ್ಟಿಲ್ಲ ಎಂಬುದು ವಿಷಯ.

ಗೋಡೆ ಬಿದ್ದ ಮಾರನೆಯ ದಿನ ಜೆಸಿಬಿ ಓಡಿಸುತ್ತಿದ್ದ ಮುರುಗೇಶನ ಮೇಲೆ ಕೇಸಾಯಿತು. ಯಾರೂ ಹೇಳದೆ, ಆಚೆ ನೋಡದೆ, ತಾನಾಗಿ ಗೋಡೆಗೆ ಬಕೆಟ್ ಹಾಕಿ ಸಾವಿಗೆ ಕಾರಣನಾದ ಎಂದು. ಗುತ್ತಿಗೆದಾರನ ಪರವಾಗಿ ಆ ಬಯಲನ್ನು ನೋಡಿಕೊಳ್ಳುತ್ತಿದ್ದವನು ಪ್ರಭಾಕರ ಎಂಬ ಸೂಪರ್‌ವೈಸರ್. ತಾನು ಆ ಬೆಳಿಗ್ಗೆ ಶಿವಮೊಗ್ಗದಲ್ಲಿದ್ದೆ ಎಂದು ಅವನು ಹೇಳಿಕೆ ಕೊಟ್ಟ. ಮುರುಗೇಶನಿಗೆ ಶಿಕ್ಷೆಯಾದರೆ ಜೈಲು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹೆಂಗಸನ್ನು ಕೊಂದವನು ಎಂಬ ಹೆಸರು ಹೊತ್ತು ಅದೇ ಊರಿನಲ್ಲಿ ಬಾಳಬೇಕು. ರತ್ನಮ್ಮನ ಮನೆಗೂ ಅವನ ಮನೆಗೂ ನಡುವೆ ಎರಡು ಬೀದಿ.

ಜಾಮೀನಿನ ಮೇಲೆ ಬಂದ ಮೇಲೆ ಅವನನ್ನು ಹೋಗಿ ಕಂಡೆ. ಅವನ ಅಜ್ಜ ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ನಾನು ಅವನನ್ನೂ ನಂಬಿ ಹೋಗಿರಲಿಲ್ಲ. ಯಾರು ಕೈ ಬೀಸಿದ್ದು ಎಂದು ಕೇಳಿದೆ. ಪ್ರಭಾಕರ್ ಸಾರ್ ಎಂದ. ಮುಖ ಕಂಡಿತಾ ಎಂದೆ.

"ಕೊಡೆ ಕೆಳಗೆ ಮುಖ ಎಲ್ಲಿ ಕಾಣುತ್ತೆ ಸಾರ್? ವೈಪರ್ ಬೇರೆ ಕೆಟ್ಟೋಗಿತ್ತು. ಕೈ ನೋಡ್ದೆ. ದಿನಾ ಅದೇ ಕೈ ನೋಡ್ಕೊಂಡು ಗಾಡಿ ಬಿಡೋನು ನಾನು, ಗೊತ್ತಾಗಲ್ವಾ?"

ಕೊಡೆಯ ಬಣ್ಣ ಯಾವುದೆಂದು ಕೇಳಿದೆ. ಗಾಜಿನ ಮೇಲೆ ನೀರಿತ್ತು, ಕೊಡೆ ಎಂದಷ್ಟೇ ತಿಳಿಯಿತು ಎಂದ. ಏನಾದರೊಂದು ಬಣ್ಣ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಅಲ್ಲಿಂದ ನಾನು ಅವನನ್ನು ಸ್ವಲ್ಪ ನಂಬತೊಡಗಿದೆ. ಮೊದಲ ಸಲ ಕೈ ಬೀಸಿದಾಗ ಯಾಕೆ ಹೋಗಲಿಲ್ಲ ಎಂದು ಕೇಳಿದೆ.

"ಆ ಕಡೆ ಜನ ಇರ್ತಾರಲ್ಲ ಸಾರ್ ಅಂತ. ಎರಡನೇ ಸಲ ಬೀಸಿದ್ರು. ಅವರಿಗೆ ಆ ಕಡೆ ಕಾಣುತ್ತಲ್ಲ, ನೋಡೇ ಹೇಳ್ತಿದಾರೆ ಅಂದ್ಕೊಂಡೆ."

ಪುಟ ಬಿಡಿಸಿದೆ. ಜೆಸಿಬಿ, ಗೋಡೆ, ಆಟೋ, ಬೂತಿನ ಕೆಳಗೆ ಕಾಫಿ ಲೋಟ ಹಿಡಿದ ನಾನು. ಮೂಲೆಯಲ್ಲಿ ಕೊಡೆ ಹಿಡಿದವನನ್ನು ಅಡಿಯಿಂದ ಮುಡಿಯವರೆಗೆ ಕಪ್ಪು ನೆರಳಾಗಿ ತುಂಬಿದೆ, ಕೊಡೆಯನ್ನೂ ಸೇರಿಸಿ. ಕೊಡೆಯ ಬಣ್ಣವನ್ನೂ ನಿರಿಗೆಯನ್ನೂ ಒಳಗಿಟ್ಟುಕೊಂಡೆ, ಪದ್ಧತಿಯಂತೆ. ಉಷಾ ಪರದೆಯ ಮುಂದೆ ಬಹಳ ಹೊತ್ತು ನಿಂತಳು.

"ಶ್ರೀಪಾದಣ್ಣ, ಇಡೀ ಪುಟದಲ್ಲಿ ಎಲ್ಲರಿಗೂ ಮುಖ ಇದೆ. ಕೈ ಬೀಸಿದವನಿಗೇ ಇಲ್ಲ."

"ನನಗೆ ಕಾಣ್ಲಿಲ್ಲ."

"ಮುರುಗೇಶ ಹೆಸರು ಹೇಳ್ತಿದಾನಲ್ಲ?"

"ಅವನು ಹೆಸರು ಹೇಳ್ತಾನೆ. ನಾನು ಮುಖ ನೋಡಿಲ್ಲ."

"ನಿಮ್ಮ ಕೈಲಿ ಒಂದು ಮುಖ ಬರೆಸೋದಕ್ಕಿಂತ ಅವನಿಗೆ ಜಾಮೀನು ಸಿಕ್ಕಿದ್ದೇ ಸುಲಭ ಆಯ್ತು," ಎಂದು ನಕ್ಕು ಒಪ್ಪಿಕೊಂಡಳು.

ಆ ಪುಟ ಹೋದಷ್ಟು ದೂರ ನನ್ನ ಬೇರೆ ಯಾವ ಪುಟವೂ ಹೋಗಲಿಲ್ಲ. ಭದ್ರಾವತಿಯ ಎಲ್ಲ ಫೋನಿನಲ್ಲೂ ಇತ್ತು. ಸೆಲೂನಿನಲ್ಲಿ ಅಂಟಿಸಿದ್ದರು. ಒಂದು ವಾರದೊಳಗೆ, ನಾವೂ ನೋಡಿದ್ದೇವೆ, ಮುರುಗೇಶನ ಪರ ಸಾಕ್ಷಿ ಹೇಳುತ್ತೇವೆ ಎಂದು ನಾಲ್ಕು ಜನ ಮುಂದೆ ಬಂದರು. ಒಳ್ಳೆಯ ಜನರೇ. ಮುರುಗೇಶನ ಹೆಂಡತಿ ಅವರನ್ನೆಲ್ಲ ದೇವರಂತೆ ಕಂಡಳು. ನಾನು ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಮಾತಾಡಿಸಿ ಕೊಡೆ ಹೇಗಿತ್ತು ಎಂದು ಕೇಳಿದೆ.

ಕರಿ ಕೊಡೆ, ಎಂದರು. ಕರಿ ಅಂಗಿ, ಕರಿ ಪ್ಯಾಂಟು, ಎಂದರು. ಒಬ್ಬ ಇನ್ನೂ ಮುಂದೆ ಹೋಗಿ, ಆಳು ಬಹಳ ಕಪ್ಪು ಎಂದ.

ಅವರು ಕಂಡದ್ದು ಮೂಲೆಯ ಮನುಷ್ಯನನ್ನಲ್ಲ, ನನ್ನ ಮಸಿಯನ್ನು. ನನಗೆ ಗೊತ್ತಿಲ್ಲ ಎಂದು ನಾನು ತುಂಬಿದ್ದ ಕಪ್ಪನ್ನು ಅವರು ಬಟ್ಟೆ ಎಂದು ಓದಿದ್ದರು. ಆ ನಾಲ್ವರನ್ನು ಸಾಕ್ಷಿಗೆ ಕರೆಯಬೇಡಿ ಎಂದು ಮುರುಗೇಶನ ವಕೀಲರಿಗೆ ಹೇಳಿದೆ. ಅವರು ನನ್ನನ್ನು ಎದುರುಪಕ್ಷದವನನ್ನು ನೋಡುವಂತೆ ನೋಡಿದರು. ಇರುವ ಸಾಕ್ಷಿಯನ್ನು ಬಿಡು ಎನ್ನುವವನನ್ನು ಯಾವ ವಕೀಲ ನಂಬುತ್ತಾನೆ?

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಪ್ರಭಾಕರ ನಮ್ಮ ಕಚೇರಿಗೆ ಬಂದ. ಜಗಳಕ್ಕಲ್ಲ. ಬಹಳ ಮರ್ಯಾದೆಯಿಂದ ಕೂತು, ನನ್ನ ಕೈ ಚೆನ್ನಾಗಿದೆ ಎಂದು ಹೊಗಳಿದ. ತಾನು ಅಲ್ಲಿರಲಿಲ್ಲ, ಊರಿನವರು ಸುಮ್ಮನೆ ತನ್ನ ಹೆಸರು ಎಳೆಯುತ್ತಿದ್ದಾರೆ, ನೀವು ಒಂದು ಸ್ಪಷ್ಟನೆ ಹಾಕಿದರೆ ಸಾಕು ಎಂದ. ಉಷಾ ಪಕ್ಕದಲ್ಲೇ ಇದ್ದಳು. ಚಹಾ ಬಂತು. ಅವನು ಕುಡಿದು ಲೋಟ ಕೆಳಗಿಡುತ್ತಾ ನಕ್ಕ.

"ನೀವೇ ಯೋಚ್ನೆ ಮಾಡಿ ಸಾರ್. ಇಷ್ಟು ಜನರನ್ನ ಆಳೋ ಸೂಪರ್‌ವೈಸರ್, ಹೆಣ್ಮಕ್ಕಳ ಕೊಡೆ ಹಿಡ್ಕೊಂಡು ಸೈಟಲ್ಲಿ ನಿಂತ್ಕೊಳ್ತೀನಾ? ಲೇಬರ್‌ನವರು ನಗಲ್ವಾ?"

ನನ್ನ ಪುಟದಲ್ಲಿದ್ದದ್ದು ಕಪ್ಪು ಕೊಡೆ. ಹೆಣ್ಣುಮಕ್ಕಳ ಕೊಡೆ ಎಂದು ಆವರೆಗೆ ಯಾರೂ, ಎಲ್ಲೂ ಹೇಳಿರಲಿಲ್ಲ. ನಾನು ಅವನ ಮುಖವನ್ನು ನೋಡದೆ ಲೋಟವನ್ನೇ ನೋಡುತ್ತಾ ಕೂತೆ. ಅವನು ನಮಸ್ಕಾರ ಮಾಡಿ ಹೋದ ಮೇಲೆ ಉಷಾಗೆ ಹೇಳಿದೆ: ಕೊಡೆ ಕೆಂಪಗಿತ್ತು, ಹುಡುಗಿಯರದ್ದು. ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ನನಗೆ?"

ಪದ್ಧತಿ ಎಂದೆ.

"ಅವನು ಬಾಯಿ ಬಿಟ್ಟ ಮೇಲೆ ಹೇಳ್ತಿದೀರಿ, ಶ್ರೀಪಾದಣ್ಣ. ನಾನು ನಿಮ್ಮನ್ನ ನಂಬ್ತೀನಿ. ಬೇರೆಯವರು ಯಾಕೆ ನಂಬಬೇಕು?"

ಅವಳು ಹೇಳಿದ್ದು ಸರಿ. ಯಾರಿಗೂ ಹೇಳದೆ ಇಟ್ಟುಕೊಂಡದ್ದು ನನ್ನ ಹತ್ತಿರ ಮೊದಲೇ ಇತ್ತು ಎಂಬುದಕ್ಕೆ ನನ್ನ ಬಾಯಿಮಾತು ಬಿಟ್ಟರೆ ಬೇರೆ ಆಧಾರವಿಲ್ಲ. ಇಮಾಮ್ ಸಾಹೇಬರ ಪದ್ಧತಿ ಬಂದವರನ್ನು ಪರೀಕ್ಷಿಸುವುದಕ್ಕೆ ಚೆನ್ನಾಗಿತ್ತು. ನನ್ನನ್ನು ಪರೀಕ್ಷಿಸುವವರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಪ್ರಭಾಕರನ ಮಾತನ್ನು ವಕೀಲರಿಗೂ ತಿಳಿಸಿದೆವು. ತಮಾಷೆಗೆ ಹೇಳಿದೆ ಎಂದುಬಿಡುತ್ತಾನೆ, ನಿಲ್ಲುವುದಿಲ್ಲ ಎಂದರು.

ವಿಚಾರಣೆ ಬರುವ ಹೊತ್ತಿಗೆ ವರ್ಷಗಳೇ ಕಳೆದವು. ಮುರುಗೇಶನಿಗೆ ಯಾರೂ ಗಾಡಿ ಕೊಡುತ್ತಿರಲಿಲ್ಲ. ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅವನ ಪರವಾಗಿ ಮೊದಲು ಆ ನಾಲ್ವರು ಸಾಕ್ಷಿ ಹೇಳಿದರು: ಕರಿ ಕೊಡೆ, ಕರಿ ಅಂಗಿ. ಆಮೇಲೆ ನಾನು. ಸರ್ಕಾರಿ ವಕೀಲರು ನನ್ನ ಪುಟವನ್ನು ಕೈಗೆ ಕೊಟ್ಟರು. ಗದರಿಸಲಿಲ್ಲ, ಮೆಲ್ಲಗೇ ಕೇಳಿದರು. ಇದು ನೀವು ಬಿಡಿಸಿದ್ದಾ? ಹೌದು. ಈ ಕೊಡೆ ಯಾವ ಬಣ್ಣ? ಚಿತ್ರದಲ್ಲಿ ಕಪ್ಪು. ನೀವು ಕಂಡದ್ದು? ಕೆಂಪು.

"ಮತ್ತೆ ಕಪ್ಪು ಯಾಕೆ?"

"ಕಪ್ಪು ಅಂದ್ರೆ ಕಾಣ್ಲಿಲ್ಲ, ಗೊತ್ತಿಲ್ಲ ಅಂತ. ಅದು ನನ್ನ ಕ್ರಮ."

"ಹಾಗಂತ ಈ ಪುಟದಲ್ಲಿ ಎಲ್ಲಾದ್ರೂ ಬರ್ದಿದೆಯಾ?"

"ಇಲ್ಲ."

"ಕೊಡೆ ಬಣ್ಣ ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಅಂದ್ರೆ ಗೊತ್ತಿದ್ದನ್ನೂ ಗೊತ್ತಿಲ್ಲ ಅಂತ ಬಿಡಿಸಿದ್ರಿ. ಗೊತ್ತಿಲ್ಲದ್ದು ಯಾವುದು, ಗೊತ್ತಿದ್ದದ್ದು ಯಾವುದು ಅಂತ ನೋಡೋರಿಗೆ ಹೇಗೆ ತಿಳೀಬೇಕು?"

ನಾಲ್ವರು ಕಪ್ಪು ಎಂದರು, ಅವರು ನೋಡಿದ್ದು ಪುಟ. ಪುಟ ಬಿಡಿಸಿದವನು ಕೆಂಪು ಎಂದ, ಅವನ ಪುಟವೇ ಅವನಿಗೆ ಎದುರು ನಿಂತಿತು. ಐದು ಜನ ಸೇರಿ ಮುರುಗೇಶನನ್ನು ಮೊದಲಿದ್ದದ್ದಕ್ಕಿಂತ ಆಳಕ್ಕೆ ಇಳಿಸಿದ್ದೆವು. ಹೊರಗೆ ವರಾಂಡದಲ್ಲಿ ಅವನು ನನ್ನ ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡೆ. ಊಟ ಆಯಿತಾ ಸಾರ್ ಎಂದು ಕೇಳಿದ. ಬೈದಿದ್ದರೆ ವಾಸಿಯಿತ್ತು.

ಒಂದು ವಿಷಯ ಮಾತ್ರ ಕಟಕಟೆಯಲ್ಲಿ ಹೊರಗೆ ಬರಲಿಲ್ಲ. ಬಿಳಿ ನಿರಿಗೆಯ ಬಗ್ಗೆ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹಳೆಯ ರೂಢಿ ಬಾಯಿ ಕಟ್ಟಿತ್ತು. ಕೆಂಪು ಎಂಬುದು ಮಾರನೆಯ ದಿನವೇ ಊರಿಗೆಲ್ಲ ತಿಳಿಯಿತು. ಅಷ್ಟು ಹೊತ್ತಿಗೆ ನನಗೆ ನನ್ನ ಮೇಲೇ ಸಂಶಯ ಹುಟ್ಟಿತ್ತು. ಕೆಂಪನ್ನು ನಾನು ಆ ಬೆಳಿಗ್ಗೆ ಕಂಡೆನೋ, ಅಥವಾ ಪ್ರಭಾಕರನ ಮಾತು ಕೇಳಿದ ಮೇಲೆ ಮನಸ್ಸು ಬಣ್ಣ ತುಂಬಿತೋ? ಕುಂಸಿಯ ಆ ಹೆಂಗಸು ಚಿರತೆಯನ್ನು ಹಾರಿಸಿದ್ದಳಲ್ಲ.

ಈ ವರ್ಷ, ನಿವೃತ್ತನಾದ ಮೇಲೆ, ಸರೋಜಕ್ಕನನ್ನು ಹುಡುಕಿಕೊಂಡು ಹೋದೆ. ಆ ಹಾಲಿನ ಬೂತು ನಡೆಸುತ್ತಿದ್ದವರು. ಆ ಬೆಳಿಗ್ಗೆ ನನಗೆ ಕಾಫಿ ಕೊಟ್ಟವರು ಅವರೇ. ಆದರೆ ಆಗ ಕೇಳಿದಾಗ, ಹಾಲಿನ ಕ್ಯಾನಿನ ಕಡೆ ತಿರುಗಿದ್ದೆ, ಏನೂ ನೋಡಲಿಲ್ಲ ಎಂದಿದ್ದರು. ಬೂತು ನಿಂತ ಜಾಗ ಗುತ್ತಿಗೆದಾರನ ಕಡೆಯವರ ಕೃಪೆಯಲ್ಲಿತ್ತು. ಈಗ ರಸ್ತೆ ಅಗಲ ಮಾಡುವಾಗ ಬೂತನ್ನು ಎತ್ತಿಸಿದ್ದಾರೆ. ಅವರು ತಂಗಿಯ ಮನೆಯ ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು.

"ಬನ್ನಿ ಕೊಡೆ ಸಾರ್," ಎಂದರು. ಊರಲ್ಲಿ ನನಗೆ ಆ ಹೆಸರು ಬಿದ್ದಿದೆ ಎಂದು ಅಂದೇ ತಿಳಿಯಿತು. "ಕೋರ್ಟಲ್ಲಿ ಕೆಂಪು ಅಂದ್ರಂತೆ. ಊರೆಲ್ಲ ನಗ್ತಿತ್ತು."

ನಗಲಿ ಎಂದೆ. ಅವರು ಸೊಪ್ಪಿನ ಕಡ್ಡಿ ಮುರಿದು ಬದಿಗೆ ಹಾಕಿದರು.

"ಬರೀ ಕೆಂಪಾ ಅದು?"

ಒಂದು ಮಾತು ನನ್ನ ಬಾಯಿಂದ ಬಿದ್ದರೂ ಅವರ ಸಾಕ್ಷಿ ಕೆಟ್ಟುಹೋಗುತ್ತಿತ್ತು.

"ಸುತ್ತ ಬಿಳೀದು ನಿರಿಗೆ ಇರ್ಲಿಲ್ವಾ, ಮಕ್ಕಳ ಫ್ರಾಕಿಗೆ ಹಾಕ್ತಾರಲ್ಲ ಹಂಗೆ? ಅವನ ಮಗಳು ಅದನ್ನೇ ಹಿಡ್ಕೊಂಡು ನನ್ನ ಬೂತಿಗೆ ಹಾಲಿಗೆ ಬರ್ತಿದ್ಲು."

ನಿರಿಗೆಯ ಮಾತು ಅಷ್ಟು ವರ್ಷವೂ ನನ್ನ ಬಾಯಿಂದ ಹೊರಗೆ ಬಂದಿರಲಿಲ್ಲ. ಆದರೂ ಕೇಳಿದೆ: ಮಗಳ ಕೊಡೆ ಯಾರು ಬೇಕಾದರೂ ಹಿಡಿದಿರಬಹುದು, ನಾನು ನಿಂತಲ್ಲಿಂದ ಮುಖ ಕಾಣಲಿಲ್ಲ, ನಿಮಗೆ ಹೇಗೆ ಕಂಡೀತು?

"ನೀವು ನಿಂತಿದ್ರಿ. ನಾನು ಒಳಗೆ ಮಣೆ ಮೇಲೆ ಕೂತಿದ್ದೆ. ಟಾರು ಹಾಕಿ ಹಾಕಿ ರಸ್ತೆ ಮೇಲೆದ್ದು ನನ್ನ ಬೂತು ಹಳ್ಳಕ್ಕೆ ಬಿದ್ದಿರ್ಲಿಲ್ವಾ? ಕೆಳಗಿಂದ ನೋಡಿದ್ರೆ ಕೊಡೆ ಒಳಗೆ ಕಾಣುತ್ತೆ ಸಾರ್."

ನಾನು ನಂಬಲಿಲ್ಲ. ಅಲ್ಲಿಂದ ನೇರ ಹಳೆಯ ಜಾಗಕ್ಕೆ ಹೋದೆ. ಬೂತಿಲ್ಲ, ಆದರೆ ಅದರ ಸಿಮೆಂಟಿನ ನೆಲ ಅಲ್ಲೇ ಇದೆ, ರಸ್ತೆಯಿಂದ ಮೊಣಕಾಲಿನಷ್ಟು ತಗ್ಗಿನಲ್ಲಿ. ಎದುರು ಮೂಲೆಯಲ್ಲಿ ಈಗ ಒಂದು ಬಸ್ ನಿಲುಗಡೆ. ಮಳೆ ಬರುವ ಒಂದು ದಿನ ಮತ್ತೆ ಹೋದೆ. ಮೊದಲು ನಿಂತು ನೋಡಿದೆ: ಕೊಡೆಗಳು ಕಂಡವು, ಅದರ ಕೆಳಗೆ ಅಂಗಿಗಳು ಕಂಡವು. ಆಮೇಲೆ ಆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಬಸ್ಸಿಗೆ ಕಾಯುತ್ತಿದ್ದವರ ಗದ್ದ, ಮೂಗು, ಕಣ್ಣು ಒಂದೊಂದಾಗಿ ಕಂಡವು. ಹೋಗುತ್ತಿದ್ದವರು ನನ್ನನ್ನು ಹುಚ್ಚನೆಂದು ನೋಡಿದರು. ಅಷ್ಟು ವರ್ಷ ಆ ಮುಖಕ್ಕೆ ನಾನು ಕಪ್ಪು ತುಂಬಿದ್ದೆ. ನನ್ನ ಪಕ್ಕದಲ್ಲೇ, ನನ್ನ ಸೊಂಟದ ಎತ್ತರದಲ್ಲಿ ಕೂತಿದ್ದವರಿಗೆ ಅದು ಕಂಡಿತ್ತು.

ಸರೋಜಕ್ಕ ಮುರುಗೇಶನ ವಕೀಲರ ಮುಂದೆ ಎಲ್ಲವನ್ನೂ ಹೇಳಿದ್ದಾರೆ. ನಾನು ಆ ಕೋಣೆಯೊಳಗೆ ಹೋಗಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಅವರನ್ನು ಸಾಕ್ಷಿಯಾಗಿ ವಿಚಾರಿಸಬೇಕೆಂಬ ಅರ್ಜಿಯನ್ನು ನ್ಯಾಯಾಲಯ ಒಪ್ಪಿದೆ. ಅವರ ಸಾಕ್ಷಿ ಮುಗಿಯುವವರೆಗೆ ಕಾದು, ಮುಗಿದ ಮೇಲೆಯೇ ಇದನ್ನು ಅಚ್ಚಿಗೆ ಕೊಟ್ಟಿದ್ದೇನೆ. ತೀರ್ಪು ಇನ್ನೂ ಬಂದಿಲ್ಲ. ಇನ್ನು ಮುಂದೆ ಯಾರಾದರೂ ಬಂದು ಕೆಂಪು ಕೊಡೆ, ಬಿಳಿ ನಿರಿಗೆ ಎಂದರೆ, ಅವರು ಇದನ್ನು ಓದಿದ್ದಾರೆ ಎಂದಷ್ಟೇ ತಿಳಿಯಿರಿ.

ಉಷಾ ಈಗ ಪ್ರತಿ ಚಿತ್ರವರದಿಯ ಕೆಳಗೆ ಒಂದು ಸಾಲು ಹಾಕಿಸುತ್ತಾಳೆ: ಕಪ್ಪಾಗಿರುವುದು ನಮಗೆ ಕಾಣದ್ದು. ಕಿರಿಯರು ಅದನ್ನು ಬಿಡಬಾರದು. ಏನನ್ನಾದರೂ ಒಳಗಿಟ್ಟುಕೊಂಡರೆ ಇನ್ನೊಬ್ಬರಿಗೆ ಹೇಳಿ ಇಡಿ. ನಿಂತು ನೋಡಿದ ಮೇಲೆ ಕೂತೂ ನೋಡಿ.

ಹೆಸರು ಬರೆಯಬಹುದೇ ಎಂದು ಕೇಳಿದಾಗ ಸರೋಜಕ್ಕ ಹೇಳಿದ್ದು: "ಬರೀರಿ. ಬೂತೇ ಹೋಯ್ತಲ್ಲ, ಇನ್ನೇನು ತಗೊಂಡು ಹೋಗ್ತಾರೆ? ಆದ್ರೆ ನನ್ನ ಚಿತ್ರ ಬಿಡಿಸ್ಬೇಡಿ. ಆಮೇಲೆ ಜನ ಅದನ್ನೇ ನೋಡಿದೀವಿ ಅಂತಾರೆ."

ಬಿಡಿಸಿಲ್ಲ. ಆ ಬೆಳಿಗ್ಗೆ ಅದನ್ನು ಕಂಡು ಈಗಲೂ ಬದುಕಿರುವವರನ್ನು ಮಾತಿನಲ್ಲೇ ಬರೆದಿಡುತ್ತೇನೆ. ಬೂತಿನ ಒಳಗೆ ಮಣೆಯ ಮೇಲೆ ಕೂತಿದ್ದ ಸರೋಜಕ್ಕ. ಮಂಡಿನೋವಿದೆ, ನೆನಪು ಗಟ್ಟಿಯಾಗಿದೆ. ಜೆಸಿಬಿಯ ಕ್ಯಾಬಿನ್ನಿನಲ್ಲಿದ್ದ ಮುರುಗೇಶ. ಕೈ ಮಾತ್ರ ಕಂಡವನು. ಬೂತಿನ ತಗಡಿನ ಕೆಳಗೆ ನಿಂತಿದ್ದ ನಾನು. ಕೊಡೆಯನ್ನು ಕಂಡೆ, ಮುಖವನ್ನು ಕಾಣಲಿಲ್ಲ. ಇನ್ನೊಬ್ಬ, ಕೊಡೆ ಹಿಡಿದಿದ್ದವನು. ನಾನು ಮುಖ ನೋಡದ ಕಾರಣ ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನೂ ಬದುಕಿದ್ದಾನೆ. ಅವನು ನಿಂತಿದ್ದ ಮೂಲೆಯಿಂದ ಓಣಿ ಪೂರ್ತಿ ಕಾಣುತ್ತಿತ್ತು.